ಗುಂಡೇಟಿನ ಶಂಖ

ಇವಾಡ್ನಿ ಮಾಕ್ಸಿಗೆ ಬಾಯಿ ಮುಚ್ಚಿಕೊಂಡಿರು ಎಂದು ಹೇಳುವ ಧೈರ್ಯ ನಾಸೋ ಎಂಬ ಆ ದ್ವೀಪದ ಪಟ್ಟಣದಲ್ಲಿ ಯಾರಿಗೂ ಇರಲಿಲ್ಲ. ಮೂವತ್ತೆಂಟು ವರ್ಷದಿಂದ ಸೇತುವೆಯ ಕೆಳಗೆ ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಹಸಿ ಶಂಖ ಒಡೆದು, ಒಳಗಿನ ಮಾಂಸ ಹೆಚ್ಚಿ, ಈರುಳ್ಳಿ ಮೆಣಸಿನಕಾಯಿ ಸೇರಿಸಿ, ಮೇಲೆ ನಿಂಬೆ ಹಿಂಡಿ ಮಾರುತ್ತಿರುವ ಹೆಂಗಸು ಅವಳು. ಮೇಲೆ ಲಾರಿಗಳು ಗುಡುಗಿಕೊಂಡು ಹೋಗುತ್ತಿದ್ದರೂ ಅವಳ ಕೂಗು ಆಚೆ ಹಡಗಿನ ತುದಿಯಲ್ಲಿ ನಿಂತವನಿಗೆ ಕೇಳಬೇಕು, ಅಂಥ ಗಂಟಲು. ಹಳಸಿದ ಮಾಲು ತಂದ ಮೀನುಗಾರ, ರುಚಿ ನೋಡುತ್ತೇನೆಂದು ಬಟ್ಟಲು ಖಾಲಿ ಮಾಡಿ ಜಾರಿಕೊಳ್ಳುವ ಪೊಲೀಸಿನವನು, ಸರದಿ ತಪ್ಪಿಸಿ ಮುಂದೆ ನುಗ್ಗುವ ಪ್ರವಾಸಿ, ಎಲ್ಲರೂ ಆ ಬಾಯಿಗೆ ಸಿಕ್ಕಿ ನೀರಿಳಿಸಿಕೊಂಡವರೇ. ಅಂಥವಳಿಗೆ ಆ ಮಾತು ಹೇಳಿದ್ದು ಹತ್ತು ವರ್ಷದ ಮೊಮ್ಮಗಳು ಕಿಮಾರಾ.

"ಗ್ರ್ಯಾಮಿ, ನಾಳೆ ನೀನೇ ಬಾ. ಆದ್ರೆ ಮಾತಾಡ್ಬೇಡ."

"ಮಾತಾಡ್ಬೇಡ ಅಂದ್ರೆ? ಮೆಲ್ಲಗೆ ಮಾತಾಡ್ಲಾ?"

"ಮೆಲ್ಲಗೂ ಬೇಡ. ಒಂದು ಮಾತೂ ಬೇಡ."

ವಿಷಯ ಇಷ್ಟು. ಶಾಲೆಯವರು ಐದನೇ ತರಗತಿಯ ಮಕ್ಕಳನ್ನು ಕಡಲ್ಗಳ್ಳರ ಮ್ಯೂಸಿಯಮ್ಮಿಗೆ ಕರೆದೊಯ್ಯುತ್ತಿದ್ದರು. ಮಕ್ಕಳ ಮೇಲೆ ಕಣ್ಣಿಡಲು ನಾಲ್ಕು ಮನೆಯ ದೊಡ್ಡವರೂ ಜೊತೆಗೆ ಹೋಗಬೇಕು. ಕಿಮಾರಾಳ ಅಮ್ಮ ಯೂಲಾಲಿ ತಿಂಗಳ ಹಿಂದೆಯೇ ಹೆಸರು ಕೊಟ್ಟಿದ್ದಳು. ಹೊರಡುವ ಹಿಂದಿನ ಸಂಜೆ ಅವಳ ಹೋಟೆಲಿನವರು ಪಾಳಿ ಬದಲಾಯಿಸಿಬಿಟ್ಟರು. ಈಗ ಉಳಿದವಳು ಅಜ್ಜಿ ಒಬ್ಬಳೇ.

ಕಿಮಾರಾ ಆ ಶಾಲೆಗೆ ಸೇರಿ ಇನ್ನೂ ಮೂರು ತಿಂಗಳಾಗಿರಲಿಲ್ಲ. ಪರೀಕ್ಷೆ ಬರೆದು, ಊರಿಗೆಲ್ಲ ಮೊದಲು ಬಂದು, ಗುಡ್ಡದ ಮೇಲಿನ ಆ ದೊಡ್ಡ ಶಾಲೆಯಲ್ಲಿ ಪುಕ್ಕಟೆ ಸೀಟು ಗಿಟ್ಟಿಸಿಕೊಂಡ ಹುಡುಗಿ. ಆ ಸುದ್ದಿಯನ್ನು ಇವಾಡ್ನಿ ಧಕ್ಕೆಯಲ್ಲಿ ಎಷ್ಟು ಸಲ ಕೂಗಿ ಹೇಳಿದ್ದಳೆಂದರೆ ಕೊನೆಗೆ ಪಕ್ಕದ ಅಂಗಡಿಯವನು ಕೈ ಮುಗಿದು, "ಗೊತ್ತಾಯ್ತು ತಾಯಿ, ಮೀನುಗಳಿಗೂ ಗೊತ್ತಾಯ್ತು" ಎಂದಿದ್ದ. ಆ ಶಾಲೆಯ ಮಕ್ಕಳ ಅಪ್ಪಂದಿರು ವಕೀಲರು, ಡಾಕ್ಟರುಗಳು, ಬ್ಯಾಂಕಿನವರು. ಅಲ್ಲಿ ಅಜ್ಜಿಯರು ಕೂಗುವುದಿಲ್ಲ.

ಇವಾಡ್ನಿ ನಕ್ಕುಬಿಡಲು ಹೊರಟವಳು ಹುಡುಗಿಯ ಮುಖ ನೋಡಿ ಸುಮ್ಮನಾದಳು. ಕಣ್ಣು ತುಂಬಿ ಇನ್ನೇನು ತುಳುಕುವಂತಿತ್ತು.

"ನಿಂಗೆ ಗಂಟಲು ಕೆಟ್ಟಿದೆ ಅಂತ ಮಿಸ್‌ಗೆ ಹೇಳ್ತೀನಿ. ಡಾಕ್ಟ್ರು ಮಾತಾಡ್ಬಾರ್ದು ಅಂದಿದ್ದಾರೆ ಅಂತ. ಪ್ಲೀಸ್ ಗ್ರ್ಯಾಮಿ."

ಕೇಳಬೇಕಾದದ್ದು ಬಹಳ ಇತ್ತು. ಆದರೆ ಕೇಳಿದರೆ ಸಿಗುವ ಉತ್ತರ ಬೇಕಾಗಿರಲಿಲ್ಲ. "ಆಯ್ತು ಬಿಡೇ, ಬಾಯಿಗೆ ಬೀಗ. ಮಾತು ಕೊಟ್ಟೆ" ಎಂದಳು ಇವಾಡ್ನಿ. ಮಾತು ಕೊಟ್ಟಳೆಂದರೆ ಮುಗಿಯಿತು, ಅದರಲ್ಲಿ ಅವಳು ಗಟ್ಟಿ.

ಬೆಳಿಗ್ಗೆ ಎದ್ದು ನಿಂಬೆಹೋಳು, ಉಪ್ಪು ಹಚ್ಚಿ ಅರ್ಧ ಗಂಟೆ ಕೈ ತಿಕ್ಕಿದಳು. ಶಂಖದ ಲೋಳೆಯ ವಾಸನೆ ಸೋಪಿಗೆ ಬಗ್ಗುವುದಲ್ಲ. ಚರ್ಚಿಗೆ ಹಾಕಿಕೊಳ್ಳುವ ನೀಲಿ ಗೌನು ತೊಟ್ಟು, ಹ್ಯಾಟು ಇಟ್ಟು, ಗಂಟಲು ಕೆಟ್ಟಿರುವುದಕ್ಕೆ ಸಾಕ್ಷಿ ಬೇಕಲ್ಲ ಎಂದು ಆ ಸೆಕೆಯಲ್ಲೂ ಕತ್ತಿಗೆ ಶಾಲು ಸುತ್ತಿಕೊಂಡಳು.

ಮೊದಲ ಪೆಟ್ಟು ಶಾಲೆಯ ಬಸ್ಸಿನ ಮೆಟ್ಟಿಲಿನಲ್ಲೇ ಬಿತ್ತು. ಈ ದ್ವೀಪದಲ್ಲಿ ಬಸ್ಸು ಹತ್ತಿದವರು ಕೂತವರಿಗೆಲ್ಲ ಕೇಳುವ ಹಾಗೆ "ಗುಡ್ ಮಾರ್ನಿಂಗ್" ಅನ್ನಲೇಬೇಕು. ಅನ್ನದವರು ಎಂಥ ಮನೆಯಿಂದ ಬಂದವರು ಎಂದು ಜನ ಅಲ್ಲೇ ತೀರ್ಮಾನ ಮಾಡಿಬಿಡುತ್ತಾರೆ. ಇವಾಡ್ನಿ ಹತ್ತಿದಳು, ತಲೆ ಬಗ್ಗಿಸಿದಳು, ಬಾಯಿ ಬಿಡಲಿಲ್ಲ. ಡ್ರೈವರ್ ಅವಳನ್ನು ಮೇಲಿಂದ ಕೆಳಗೆ ನೋಡಿ, "ಹ್ಯಾಟು ಮಾತ್ರ ಜೋರಾಗಿದೆ" ಎಂದು ಗೊಣಗಿದ. ಅರವತ್ತೆರಡು ವರ್ಷದಲ್ಲಿ ಒಂದೇ ಒಂದು ದಿನ ಯಾರ ಕೈಲೂ ಹೀಗೆ ಅನ್ನಿಸಿಕೊಂಡವಳಲ್ಲ ಅವಳು.

ಮಕ್ಕಳ ಟೀಚರು ಮಿಸೆಸ್ ಫಾರಿಂಗ್ಟನ್ ಕನ್ನಡಕದ ಮೇಲಿಂದ ನೋಡಿ ಮರುಗಿದರು. "ಅಯ್ಯೋ ಪಾಪ, ಗಂಟಲು ಕೆಟ್ಟಿದೆಯಂತಲ್ಲ. ನೀವು ಮಾತಾಡ್ಬೇಡಿ, ಸುಮ್ನೆ ಕೂತ್ಕೊಳ್ಳಿ."

ಸುಮ್ಮನೆ ಕೂತಳು. ಎರಡು ಸಾಲು ಹಿಂದೆ ಕಿಮಾರಾ, ಅವಳ ಪಕ್ಕದಲ್ಲಿ ಆಶ್ಲಿನ್ ಎಂಬ ಹುಡುಗಿ. ದೊಡ್ಡ ವಕೀಲರ ಮಗಳು, ಎರಡು ಜಡೆ, ಅರಳು ಹುರಿದಂಥ ಮಾತು. ಬಸ್ಸು ಬಂದರಿನ ರಸ್ತೆಗೆ ತಿರುಗಿದ್ದೇ ತಡ, ಆಶ್ಲಿನ್ ಎದ್ದು ಬಂದು ಸೀಟಿನ ಬೆನ್ನಿಗೆ ಜೋತುಬಿದ್ದಳು.

"ಕಿಮಾರಾ ಗ್ರ್ಯಾಮಿ, ನಿಮ್ಮ ರೆಸ್ಟೋರೆಂಟಲ್ಲಿ ಎಷ್ಟು ಜನ ಕೆಲ್ಸಕ್ಕಿದ್ದಾರೆ?"

ಇವಾಡ್ನಿ ತಿರುಗಿ ನೋಡಿದಳು.

"ಕಿಮಾರಾ ಎಲ್ಲಾ ಹೇಳಿದ್ಳು. ಸಮುದ್ರದ ಪಕ್ಕಾನೇ ಅಂತೆ, ಮೇಜಿನ ಮೇಲೆಲ್ಲ ಬಿಳಿ ಬಟ್ಟೆ ಅಂತೆ, ಹಡಗಲ್ಲಿ ಬಂದೋರೆಲ್ಲ ಅಲ್ಲೇ ಊಟ ಮಾಡೋದಂತೆ. ನೀವು ಒಳಗೆ ಆಫೀಸಲ್ಲಿ ಕೂತಿರ್ತೀರಂತೆ. ಎಷ್ಟು ಜನ ಇದ್ದಾರೆ?"

ಕಿಮಾರಾಳ ಮುಖ ಕಿಟಕಿಗೆ ಅಂಟಿಕೊಂಡಿತ್ತು. ಇಲ್ಲಿಂದ ಕಾಣುತ್ತಿದ್ದದ್ದು ಬಿಗಿಯಾದ ಭುಜ ಮಾತ್ರ. ಸಮುದ್ರದ ಪಕ್ಕ, ಅದು ನಿಜ. ಹಡಗಿನವರು ಬರುವುದೂ ನಿಜ. ಉಳಿದದ್ದೆಲ್ಲ ಹುಡುಗಿ ಕಟ್ಟಿದ ಅರಮನೆ. ಇವಾಡ್ನಿ ಒಂದು ಕ್ಷಣ ಆಶ್ಲಿನ್‌ಳ ಮುಖ ನೋಡಿದಳು. ಆಮೇಲೆ ಎರಡೂ ಕೈಯೆತ್ತಿ ಹತ್ತು ಬೆರಳು ಬಿಡಿಸಿ ತೋರಿಸಿದಳು.

"ಹತ್ತು ಜನಾನಾ! ಏ ಬ್ರೆಂಟ್, ಹತ್ತು ಜನ ಅಂತೆ ಕಣೋ!"

ಹತ್ತೇ. ಮೂವತ್ತೆಂಟು ವರ್ಷದಿಂದ ಅವಳ ಕೈಕೆಳಗೆ ದುಡಿದ ಹತ್ತು ಜನ ಅವರೇ, ಒಂದು ದಿನ ರಜೆ ಕೇಳಿದವರಲ್ಲ.

ಇವಾಡ್ನಿಗೆ ನೋವಾಯಿತು. ಚೆನ್ನಾಗಿಯೇ ನೋವಾಯಿತು. ಸಿಟ್ಟು ಬಂದಿದ್ದರೆ ಎಷ್ಟೋ ಮೇಲಾಗಿತ್ತು, ಸಿಟ್ಟು ಅವಳಿಗೆ ಹಳೆಯ ಗೆಳತಿ. ಇದು ಬೇರೆ. ಪ್ರತಿ ಶನಿವಾರ ತನ್ನ ಪಕ್ಕದಲ್ಲೇ ಸ್ಟೂಲಿನ ಮೇಲೆ ನಿಂತು ಟೊಮೆಟೊ ಹೆಚ್ಚುವ ಮಗು, ಹೊಸ ಗೆಳತಿಯರ ಮುಂದೆ ತನ್ನನ್ನು ಅಳಿಸಿಹಾಕಿ ಆ ಜಾಗದಲ್ಲಿ ಯಾರೋ ಬಿಳಿ ಮೇಜುಬಟ್ಟೆಯ ಹೆಂಗಸನ್ನು ಕೂರಿಸಿತ್ತು. ಆದರೂ ಅವಳಿಗೆ ಇನ್ನೊಂದೂ ಗೊತ್ತಿತ್ತು. ಈ ಸುಳ್ಳು ಇವತ್ತು ಒಡೆದರೆ ಈ ಹುಡುಗಿಯನ್ನು ನಾಳೆಯಿಂದ ಆ ಶಾಲೆಯಲ್ಲಿ ಕಿತ್ತು ತಿಂದುಬಿಡುತ್ತಾರೆ. ಶಂಖದವಳ ಮೊಮ್ಮಗಳು ಎನ್ನುವುದಕ್ಕಲ್ಲ, ಸುಳ್ಳಿ ಎನ್ನುವುದಕ್ಕೆ. ಹಾಗಾಗಬಾರದು. ಸಾಯಂಕಾಲದವರೆಗೆ ತುಟಿ ಬಿಚ್ಚುವುದಿಲ್ಲ ಎಂದು ಇವಾಡ್ನಿ ಇನ್ನೊಂದು ಸಲ ಗಟ್ಟಿ ಮಾಡಿಕೊಂಡಳು, ಈ ಸಲ ತನಗೆ ತಾನೇ.

ಮ್ಯೂಸಿಯಮ್ಮಿನೊಳಗೆ ಕತ್ತಲೆ. ಡಾಂಬರಿನ ವಾಸನೆ, ಎಲ್ಲಿಂದಲೋ ಅಲೆಯ ಸದ್ದು, ಅರ್ಧ ಹಡಗು ಗೋಡೆಯಿಂದ ಹೊರಗೆ ಮೂತಿ ಚಾಚಿತ್ತು. ಮಕ್ಕಳು ಒಮ್ಮೆಗೇ ಹೋ ಎಂದರು. ಹಡಗಿನ ಮೇಲಿಂದ ಕೆಂಪು ಕೋಟು, ಮೊಣಕಾಲಿನವರೆಗೆ ಬೂಟು ತೊಟ್ಟ ಯುವಕನೊಬ್ಬ, ಮ್ಯೂಸಿಯಮ್ಮಿನ ಗೈಡು, ಧೊಪ್ಪನೆ ಹಾರಿದ.

"ಯಾರ್ರೋ ಅದು ನನ್ನ ಹಡಗಿಗೆ ಕಾಲಿಟ್ಟೋರು? ಕ್ಯಾಪ್ಟನ್ ಟೆರಾನ್ ಹೆಸರು ಕೇಳಿಲ್ವಾ?"

ಟೆರಾನ್ ಹುಟ್ಟಿದ್ದು ಇಲ್ಲೇ. ಮೂರು ವರ್ಷಕ್ಕೇ ಅಪ್ಪ ಅಮ್ಮನ ಜೊತೆ ಫ್ಲೋರಿಡಾಕ್ಕೆ ಹೋಗಿ, ಬೆಳೆದು, ಎಂಟು ತಿಂಗಳ ಹಿಂದೆ ವಾಪಸು ಬಂದವನು. ಇದನ್ನೆಲ್ಲ ಅವನೇ ಹೇಳಿದ, ಬಹಳ ಹೆಮ್ಮೆಯಿಂದ. ಹುಡುಗ ಒಳ್ಳೆಯವನು, ಕಥೆ ಹೇಳುವ ಕಲೆ ಗೊತ್ತಿತ್ತು. ಮುನ್ನೂರು ವರ್ಷದ ಹಿಂದೆ ಈ ಬಂದರಿನಲ್ಲಿ ಸಾವಿರ ಕಡಲ್ಗಳ್ಳರಿದ್ದರು, ರಾಜನಿಗೇ ಸಡ್ಡು ಹೊಡೆದರು, ಕೊನೆಗೆ ರಾಜನ ಕಡೆಯವನು ಬಂದು ಕ್ಷಮೆ ಕೇಳಿದವರನ್ನು ಬಿಟ್ಟ, ಕೇಳದವರನ್ನು ನೇಣಿಗೆ ಹಾಕಿದ ಎಂದೆಲ್ಲ ಹೇಳುತ್ತ ಮಕ್ಕಳನ್ನು ಕೋಣೆಯಿಂದ ಕೋಣೆಗೆ ಓಡಿಸಿದ. ಗಂಡಸರ ಪ್ಯಾಂಟು ತೊಟ್ಟು ಕತ್ತಿ ಹಿಡಿದ ಹೆಂಗಸಿನ ಗೊಂಬೆಯೊಂದು ಇವಾಡ್ನಿಗೆ ಬಹಳ ಹಿಡಿಸಿತು. ಇವಳು ನಮ್ಮ ಧಕ್ಕೆಯವಳೇ ಇರಬೇಕು ಅನ್ನಿಸಿತು.

"ಕಳ್ಳರು ಊಟಕ್ಕೆ ಏನು ಮಾಡ್ತಿದ್ರು ಸರ್?" ಎಂದು ಬ್ರೆಂಟ್ ಕೇಳಿದ.

"ಬಿಸ್ಕತ್ತು! ಕಲ್ಲಿನಂಥ ಬಿಸ್ಕತ್ತು, ಒಳಗೆ ಹುಳ. ಹುಳ ಕಾಣಬಾರ್ದು ಅಂತ ಕತ್ತಲಲ್ಲಿ ತಿಂತಿದ್ರು."

ಮಕ್ಕಳು ಛೀ ಥೂ ಎಂದರು. ಇವಾಡ್ನಿಗೆ ತಡೆಯಲಾಗಲಿಲ್ಲ, ಶಾಲಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಳು. ಅಲ್ಲಯ್ಯಾ, ಮೊಣಕಾಲು ನೀರಿನಲ್ಲಿ ಬಗ್ಗಿದರೆ ಕೈಗೊಂದು ಶಂಖ ಸಿಗುವ ಊರಿನಲ್ಲಿ ನಿಂತುಕೊಂಡು ಹುಳದ ಬಿಸ್ಕತ್ತು ತಿನ್ನಲು ಅವರೇನು ಕಳ್ಳರೋ ಪೆದ್ದರೋ! ಮಾತು ನಾಲಿಗೆಯ ತುದಿಗೆ ಬಂದು ಕುಣಿಯಿತು, ನುಂಗಿಕೊಂಡಳು. ಬೆಳಗಿನಿಂದ ಇಂಥವು ಎಷ್ಟು ನುಂಗಿದ್ದಳೋ, ಹೊಟ್ಟೆ ಉಬ್ಬರಿಸಿತ್ತು. ಕಿಮಾರಾ ದೂರದಿಂದ ಒಮ್ಮೆ ಇತ್ತ ನೋಡಿ, ಅಜ್ಜಿಯ ಬಾಯಿ ಮುಚ್ಚಿರುವುದನ್ನು ಖಾತ್ರಿ ಮಾಡಿಕೊಂಡು, ಮತ್ತೆ ಗೆಳತಿಯರ ಗುಂಪಿಗೆ ಸೇರಿದಳು.

ಕೊನೆಯ ಕೋಣೆ. ನಡುವೆ ಒಂದು ಕಂಬ, ಕಂಬದ ಮೇಲೆ ಮಖಮಲ್ ಬಟ್ಟೆ, ಬಟ್ಟೆಯ ಮೇಲೆ ಒಂದು ಶಂಖ. ಮೇಲಿನಿಂದ ಒಂದೇ ದೀಪದ ಬೆಳಕು ಅದರ ಮೇಲೆ ಬಿದ್ದಿತ್ತು. ಟೆರಾನ್ ದನಿ ತಗ್ಗಿಸಿದ.

"ಇದು ಆ ಕಾಲದ ಕಡಲ್ಗಳ್ಳರ ಕ್ಯಾಪ್ಟನ್ನಿನ ಶಂಖ. ಇದನ್ನ ಊದಿದ್ರೆ ಮುನ್ನೂರು ಕಳ್ಳರು ಕತ್ತಿ ಹಿಡ್ಕೊಂಡು ಓಡಿ ಬರ್ತಿದ್ರು. ಒಂದು ದಿನ ಬಂದರಿನ ಬಾಯಲ್ಲಿ ರಾಜನ ಹಡಗು ಕಾಣಿಸ್ತು. ಕ್ಯಾಪ್ಟನ್ ಶಂಖ ಎತ್ತಿ ಬಾಯಿಗಿಟ್ಟ. ಅಷ್ಟರಲ್ಲಿ ಢಮ್! ಆ ಕಡೆಯಿಂದ ಗುಂಡು. ಕ್ಯಾಪ್ಟನ್ ಉಳಿದ, ಶಂಖಕ್ಕೆ ಏಟು ಬಿತ್ತು. ನೋಡಿ, ಇಲ್ಲಿ, ತೂತು ಕಾಣ್ತಾ? ಅವತ್ತಿನಿಂದ ಈ ಶಂಖ ಮೂಕ. ಕ್ಯಾಪ್ಟನ್ನಿನಷ್ಟು ಧೈರ್ಯ ಇರೋರು ಊದಿದ್ರೆ ಮಾತ್ರ ಕೂಗುತ್ತಂತೆ. ಇಲ್ಲೀವರೆಗೂ ಯಾರ ಕೈಲೂ ಆಗಿಲ್ಲ."

ಇವಾಡ್ನಿ ಕತ್ತು ಚಾಚಿ ನೋಡಿದಳು. ತುದಿಯಿಂದ ಮೂರನೇ ಸುತ್ತು, ಮುಳ್ಳುಗಳ ಸಾಲಿನ ನಡುವೆ, ಎರಡು ಬೆರಳಗಲದ ಸೀಳು. ಅಂಚು ಉಪ್ಪುನೀರಿಗೆ, ಬಿಸಿಲಿಗೆ ಸವೆದು ನುಣುಪಾಗಿತ್ತು, ಅಷ್ಟೇ. ಗುಂಡೇಟಂತೆ! ಅದು ಸುತ್ತಿಗೆಯ ಏಟು. ಅಲ್ಲಿ ಒಂದೇ ಸರಿಯಾದ ಪೆಟ್ಟು ಹಾಕಿ, ಸೀಳಿನೊಳಗೆ ಚಾಕು ತೂರಿಸಿ, ಒಳಗೆ ಕಚ್ಚಿಕೊಂಡಿರುವ ನರ ಕತ್ತರಿಸಿದರೆ ಇಡೀ ಜೀವ ಜಾರಿ ಕೈಗೆ ಬರುತ್ತದೆ. ಅಂಥ ತೂತನ್ನು ಅವಳು ಲಕ್ಷಕ್ಕೆ ಕಡಿಮೆ ಹೊಡೆದಿರಲಾರಳು. ಯಾರೋ ತಿಂದು ಬಿಸಾಕಿದ ಚಿಪ್ಪನ್ನು ಇನ್ಯಾರೋ ಹೆಕ್ಕಿ, ತುದಿ ಕೊಯ್ದು ಊದುವ ಶಂಖ ಮಾಡಲು ಹೋಗಿದ್ದರು. ಆದರೆ ತೂತೂ ಹೋಗುವಂತೆ ಅದರ ಕೆಳಗೆ ಕೊಯ್ಯುವ ಬದಲು ಮೇಲೆಯೇ ಕೊಯ್ದು ನಿಲ್ಲಿಸಿದ್ದರು. ಗಾಳಿಯೆಲ್ಲ ತೂತಿನಿಂದ ಸೋರಿಹೋದರೆ ಅದು ಮೂಕವಾಗದೆ ಹಾಡುತ್ತದೆಯೇ? ಫ್ಲೋರಿಡಾದ ಹುಡುಗನಿಗೆ ಗೊತ್ತಾಗದ್ದು ಸರಿ. ಟೀಚರಮ್ಮನಿಗೂ ತಿಳಿಯಲಿಲ್ಲ. ಹೆಚ್ಚಿ ಬಟ್ಟಲಿಗೆ ಹಾಕಿಕೊಟ್ಟದ್ದನ್ನು ತಿನ್ನುವವರ ಕಣ್ಣು ಚಿಪ್ಪಿನ ಮೇಲೆ ಯಾಕೆ ಹೋಗುತ್ತದೆ?

ಮಕ್ಕಳು ಸಾಲು ನಿಂತರು. ಬ್ರೆಂಟ್ ಕೆನ್ನೆ ಉಬ್ಬಿಸಿ ಊದಿದ, ಫುಸ್. ಆಶ್ಲಿನ್ ಊದಿದಳು, ಫುಸ್. ಒಬ್ಬ ಹುಡುಗ ಎಷ್ಟು ಜೋರಾಗಿ ಊದಿದನೆಂದರೆ ಶಂಖ ಬಿಟ್ಟು ಬೇರೆ ಕಡೆಯಿಂದ ಸದ್ದು ಬಂತು, ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಕಿಮಾರಾ ಮಾತ್ರ ಸಾಲಿಗೆ ಬರಲಿಲ್ಲ. ಗೋಡೆಗೆ ಒರಗಿ ಶಂಖವನ್ನೇ ನೋಡುತ್ತ ನಿಂತಿದ್ದಳು. ಅವಳಿಗೂ ಗೊತ್ತಾಗಿದೆ ಎಂದು ಇವಾಡ್ನಿಗೆ ತಿಳಿಯಿತು. ಗೊತ್ತಾಗದೆ ಏನು, ಹೋದ ಬೇಸಿಗೆಯಲ್ಲಿ ಸುತ್ತಿಗೆ ಹಿಡಿಯಲು ಕಲಿಸಿದವಳೇ ತಾನು.

"ಈಗ ದೊಡ್ಡೋರು!" ಎಂದು ಟೆರಾನ್ ಸುತ್ತ ನೋಡಿದ. ಅವನ ಕಣ್ಣು ನೇರವಾಗಿ ನೀಲಿ ಗೌನಿನ ಮೇಲೆ ಬಂದು ನಿಂತಿತು. "ಹ್ಯಾಟಿನ ಗ್ರ್ಯಾಮಿ, ಬನ್ನಿ ಬನ್ನಿ!"

"ಅವ್ರಿಗೆ ಗಂಟಲು ಸರಿ ಇಲ್ಲ" ಎಂದಳು ಕಿಮಾರಾ ತಟ್ಟನೆ.

"ಊದೋಕೆ ಗಂಟಲು ಯಾಕೆ, ಉಸಿರಿದ್ರೆ ಸಾಕು. ಗ್ರ್ಯಾಮಿ! ಗ್ರ್ಯಾಮಿ!"

ಮಕ್ಕಳೂ ದನಿಗೂಡಿಸಿದರು. ಒಲ್ಲೆನೆಂದು ಹೇಳಲು ಬಾಯಿ ಬೇಕು, ಅದಕ್ಕೆ ಬೀಗ ಬಿದ್ದಿದೆ. ಇವಾಡ್ನಿ ಮುಂದೆ ಬಂದಳು, ಶಂಖ ಕೈಗೆತ್ತಿಕೊಂಡಳು. ಎರಡು ಬೆರಳು ತೂತಿನ ಮೇಲೆ ಸರಿಸಿದ್ದರೆ ಸಾಕಿತ್ತು. ಆದರೆ ಊದಿ ಸದ್ದು ಬಂತೆಂದರೆ ಹೇಗೆ ಬಂತೆಂದು ಕೇಳುತ್ತಾರೆ, ಕೇಳಿದರೆ ಒಂದಕ್ಕೊಂದು ಬಿಚ್ಚಿಕೊಳ್ಳುತ್ತದೆ. ಬೆರಳನ್ನು ದೂರ ಇಟ್ಟುಕೊಂಡು ಊದಿದಳು.

ಫುಸ್.

ಮಕ್ಕಳು ನಕ್ಕರು. ಟೆರಾನ್ ಎದೆಯ ಮೇಲೆ ಕೈಯಿಟ್ಟುಕೊಂಡು ನಾಟಕದವರ ಹಾಗೆ ನಿಟ್ಟುಸಿರು ಬಿಟ್ಟ. ಆಶ್ಲಿನ್, "ಅವ್ರಿಗೆ ದೊಡ್ಡ ರೆಸ್ಟೋರೆಂಟ್ ಇದೆ ಸರ್, ಹತ್ತು ಜನ ಕೆಲ್ಸದವ್ರು" ಎಂದಳು.

"ಅದಕ್ಕೇ ಮತ್ತೆ! ಗ್ರ್ಯಾಮಿ ಶಂಖಾನ ತಟ್ಟೆಯಲ್ಲಿ ನೋಡಿದ್ದೇ ಹೊರತು ಕೈಯಲ್ಲಿ ಮುಟ್ಟಿದ್ದು ಇವತ್ತೇ ಮೊದ್ಲು, ಅಲ್ವಾ ಗ್ರ್ಯಾಮಿ? ಹಿಡ್ಕೊಂಡಿರೋದು ನೋಡಿ, ಟೀಪಾಟ್ ಹಿಡ್ದಂಗೆ!"

ಕೋಣೆಯೆಲ್ಲ ನಗು. ಮಿಸೆಸ್ ಫಾರಿಂಗ್ಟನ್ ಕೂಡ ಕರವಸ್ತ್ರದ ಮರೆಯಲ್ಲಿ ನಕ್ಕರು. ಇವಾಡ್ನಿಯ ಕಿವಿಯಲ್ಲಿ ಗುಂಯ್‌ಗುಟ್ಟಿತು. ಶಂಖ ಮುಟ್ಟಿಲ್ಲವಂತೆ! ಈ ಕೈಯಿಂದ ಒಡೆದ ಶಂಖಗಳಿಂದ ಮಗಳು ಓದಿದ್ದು, ಮನೆಗೆ ಹೆಂಚು ಬಿದ್ದದ್ದು, ಗಂಡನ ಹೆಣ ಮರ್ಯಾದೆಯಿಂದ ಮಣ್ಣಿಗೆ ಹೋದದ್ದು. ಇನ್ಯಾವ ದಿನವಾದರೂ ಆಗಿದ್ದರೆ ಕ್ಯಾಪ್ಟನ್ ಟೆರಾನ್ ಆ ಕ್ಷಣವೇ ಬೂಟು ಕಳಚಿ ಫ್ಲೋರಿಡಾಕ್ಕೆ ಓಡಬೇಕಾಗುತ್ತಿತ್ತು. ಇವತ್ತು ಅವಳು ಬಾಯಿ ಬಿಡಲಿಲ್ಲ. ನಕ್ಕವರ ಜೊತೆ ತಾನೂ ಹಲ್ಲು ಕಿರಿದು, ಹೌದು ಎನ್ನುವಂತೆ ತಲೆಯಾಡಿಸಿ, ಶಂಖವನ್ನು ಮಖಮಲ್ಲಿನ ಮೇಲೆ ಇಟ್ಟಳು. ಹಿಂದಕ್ಕೆ ಬರುವಾಗ ಕಣ್ಣು ಮಂಜಾಗಿ ಎದುರಿನ ಗೋಡೆ ಸರಿಯಾಗಿ ಕಾಣಲಿಲ್ಲ.

ನಗದೆ ಇದ್ದವಳು ಒಬ್ಬಳೇ. ಕಿಮಾರಾ ಗೋಡೆ ಬಿಟ್ಟು ಮುಂದೆ ಬಂದಿದ್ದಳು.

"ಅದು ಗುಂಡೇಟಲ್ಲ" ಎಂದಳು.

"ಏನಂದೆ ಪುಟ್ಟಿ?" ಟೆರಾನ್ ಬಗ್ಗಿದ.

"ಅದು ಗುಂಡು ಬಿದ್ದಿರೋ ತೂತಲ್ಲ. ಸುತ್ತಿಗೇಲಿ ಹೊಡ್ದಿರೋದು. ತಿನ್ನೋಕೆ." ದನಿ ನಡುಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. "ನಮ್ಮ ಗ್ರ್ಯಾಮಿಗೆ ಊದೋಕೆ ಬರುತ್ತೆ. ನೋಡಿ."

ಅವಳು ಶಂಖ ಎತ್ತಿ ಅಜ್ಜಿಯ ಹತ್ತಿರ ಬಂದು, ತನ್ನ ಎರಡು ಬೆರಳನ್ನು ಆ ಸೀಳಿಗೆ ಅಡ್ಡಲಾಗಿ ಒತ್ತಿ ಹಿಡಿದು, ತುದಿಯನ್ನು ಅಜ್ಜಿಯ ಬಾಯಿಯ ಕಡೆ ಎತ್ತಿದಳು.

"ಊದು ಗ್ರ್ಯಾಮಿ."

ಇವಾಡ್ನಿ ಬೇಡವೆಂದು ಕಣ್ಣಿನಲ್ಲೇ ಹೇಳಿದಳು. ಹುಡುಗಿ ಕೈ ಇಳಿಸಲಿಲ್ಲ. "ಊದೂ."

ಚಿಕ್ಕಂದಿನಲ್ಲಿ ಎಕ್ಸುಮಾ ದ್ವೀಪದ ಅಪ್ಪನ ಮನೆಯಲ್ಲಿ, ಮೀನಿನ ದೋಣಿ ದಡಕ್ಕೆ ಬಂತೆಂದು ಶಂಖ ಊದಿ ಊರಿಗೆ ತಿಳಿಸುವುದು ಅವಳದೇ ಕೆಲಸವಾಗಿತ್ತು. ಬಗ್ಗಿ ಬಾಯಿ ಇಟ್ಟಳು. ಬೆಳಗಿನಿಂದ ನುಂಗಿದ್ದ ಅಷ್ಟೂ ಮಾತು ಒಂದೇ ಉಸಿರಾಗಿ ಹೊರಗೆ ಬಂತು. ಶಂಖ ಮೊಳಗಿತು. ಎಂಥ ಸದ್ದು ಅದು! ಕಿಟಕಿಯ ಗಾಜು ಗಡಗಡ ಎಂದಿತು, ಪಕ್ಕದ ಕೋಣೆಯಲ್ಲಿ ಯಾವುದೋ ಗೊಂಬೆಯ ಟೋಪಿ ಕೆಳಗೆ ಬಿತ್ತು, ಟಿಕೆಟ್ ಕೊಡುವ ಹೆಂಗಸು ಏನಾಯಿತೋ ಎಂದು ಓಡಿ ಬಂದಳು. ಉಸಿರು ಮುಗಿಯುವವರೆಗೂ ಇವಾಡ್ನಿ ನಿಲ್ಲಿಸಲಿಲ್ಲ. ಕಿಮಾರಾ ಬೆರಳು ಸಡಿಲಿಸಲಿಲ್ಲ.

ಟೆರಾನ್‌ನ ಬಾಯಿ ತೆರೆದದ್ದು ತೆರೆದೇ ಇತ್ತು.

ಮೊದಲು ಚೇತರಿಸಿಕೊಂಡವರು ಮಿಸೆಸ್ ಫಾರಿಂಗ್ಟನ್. "ಕಿಮಾರಾ, ಇದೆಲ್ಲ ನಿನಗೆ ಹೇಗೆ ಗೊತ್ತು?"

ಬಂತು. ಇವಾಡ್ನಿ ಹೆದರಿದ್ದ ಪ್ರಶ್ನೆ ಇದೇ. ಹುಡುಗಿ ಆಶ್ಲಿನ್ ಕಡೆ ನೋಡಿದಳು. ಇವಾಡ್ನಿಗೆ ಯೋಚಿಸಲು ಹೊತ್ತಿರಲಿಲ್ಲ. ಕೊಟ್ಟ ಮಾತು ಮುರಿದರೂ ಪರವಾಗಿಲ್ಲ, ಮಗು ಉಳಿಯಲಿ. ಗಂಟಲು ಕೆಟ್ಟವಳ ಹಾಗೆ ದನಿ ಕೆರೆದುಕೊಂಡು, ಎಷ್ಟಾಗುತ್ತದೋ ಅಷ್ಟು ನಯವಾಗಿ ಹೇಳಿದಳು:

"ನಮ್ಮ ರೆಸ್ಟೋರೆಂಟಿನ ಅಡುಗೆಮನೇಲಿ ಕೆಲ್ಸದವ್ರು ಒಡೀತಾರಲ್ಲ ಮೇಡಂ, ಅದನ್ನ ನೋಡಿರ್ತಾಳೆ."

"ರೆಸ್ಟೋರೆಂಟ್ ಇಲ್ಲ" ಎಂದಳು ಕಿಮಾರಾ.

"ಸುಮ್ನಿರೇ" ಎಂದು ಇವಾಡ್ನಿ ಗದರಿದಳು.

"ರೆಸ್ಟೋರೆಂಟ್ ಇಲ್ಲ ಮಿಸ್. ನಾನು ಸುಳ್ಳು ಹೇಳಿದ್ದೆ." ಈಗ ಅವಳು ಅಳುತ್ತಿದ್ದಳು, ಆದರೆ ನಿಂತಲ್ಲಿಂದ ಅಲ್ಲಾಡಲಿಲ್ಲ. "ಗ್ರ್ಯಾಮಿ ಸೇತುವೆ ಕೆಳಗೆ ಶಂಖ ಮಾರ್ತಾಳೆ. ಧಕ್ಕೇಲಿ, ನಾಲ್ಕನೇ ಅಂಗಡಿ. ಕೆಲ್ಸದವ್ರೂ ಇಲ್ಲ. ಅವಳೇ ಒಡೀತಾಳೆ. ಶನಿವಾರ ನಾನೂ ಒಡೀತೀನಿ. ಗಂಟಲೂ ಕೆಟ್ಟಿಲ್ಲ. ನಾನೇ ಮಾತಾಡ್ಬೇಡ ಅಂದಿದ್ದೆ."

ಹಿಂದಿನಿಂದ ಬ್ರೆಂಟ್ ಕಿಸಕ್ಕೆಂದ. "ಅಯ್ಯೋ, ಶಂಖದವ್ಳು!"

ಕಿಮಾರಾ ಗಿರಕ್ಕನೆ ತಿರುಗಿದಳು. "ಹೌದು ಕಣೋ, ಶಂಖದವ್ಳೇ! ನಿಂಗೆ ಬರುತ್ತಾ? ಒಂದು ಶಂಖ ಕೊಡ್ತೀನಿ, ಒಡೀತೀಯಾ? ಬೆರಳು ಜಜ್ಜಿಕೊಂಡು ಅಮ್ಮಾ ಅಂತ ಓಡ್ತೀಯ!"

ಬ್ರೆಂಟ್ ಇಂಗು ತಿಂದ ಮಂಗನಂತಾದ. ಆಶ್ಲಿನ್ ಒಂದು ಸಲ ಅಜ್ಜಿಯನ್ನು, ಒಂದು ಸಲ ಮೊಮ್ಮಗಳನ್ನು ನೋಡಿದಳು. ಸುಳ್ಳು ಹೇಳಿಸಿಕೊಂಡವಳ ಸಿಟ್ಟು ಅವಳ ಮುಖದಲ್ಲಿ ಇದ್ದೇ ಇತ್ತು. ಅದು ಒಂದು ದಿನಕ್ಕೆ ಹೋಗುವಂಥದ್ದಲ್ಲ.

ಟೆರಾನ್ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಟೋಪಿ ತೆಗೆದರೆ ಇನ್ನೂ ಮೀಸೆ ಸರಿಯಾಗಿ ಬರದ ಹುಡುಗ. "ಕ್ಷಮಿಸಿ ಮಿಸ್... ಮಿಸ್..."

"ಮಾಕ್ಸಿ" ಎಂದಳು ಕಿಮಾರಾ. "ಮಿಸ್ ಇವಾಡ್ನಿ ಮಾಕ್ಸಿ."

"ಕ್ಷಮಿಸಿ ಮಿಸ್ ಇವಾಡ್ನಿ. ನಂಗೆ ಹೇಳಿಕೊಟ್ಟಿದ್ದನ್ನ ನಾನು ಹೇಳ್ದೆ. ಹಾಗಾದ್ರೆ ಇದು ಕಡಲ್ಗಳ್ಳರ ಶಂಖ ಅಲ್ವಾ?"

ಎಲ್ಲರೂ ಇವಾಡ್ನಿಯ ಕಡೆ ತಿರುಗಿದರು. ಇಪ್ಪತ್ತೆಂಟು ಮಕ್ಕಳು, ಟೀಚರು, ಜೊತೆಗೆ ಬಂದ ದೊಡ್ಡವರು, ಕ್ಯಾಪ್ಟನ್ನು, ಟಿಕೆಟ್ಟಿನ ಹೆಂಗಸು.

"ಗ್ರ್ಯಾಮಿ, ನೀನು ಹೇಳು" ಎಂದಳು ಕಿಮಾರಾ, ಮೂಗು ಒರೆಸಿಕೊಂಡು. "ಎಲ್ಲಾ ಹೇಳು. ಜೋರಾಗೇ ಹೇಳು."

ಇವಾಡ್ನಿ ಬಾಯಿ ತೆರೆದಳು. ಹೇಳುವುದಕ್ಕೆ ಬೇಕಾದಷ್ಟಿತ್ತು. ಕಳ್ಳರಾದರೇನು, ಅವರೂ ಹಸಿದಾಗ ಶಂಖ ಒಡೆದೇ ತಿಂದಿರುತ್ತಾರೆ, ಚಿಪ್ಪು ಅವರದ್ದೇ ಇದ್ದರೂ ಇರಬಹುದಪ್ಪಾ, ಗುಂಡಿನ ಕಥೆ ಒಂದು ಬಿಟ್ಟುಬಿಡು ಎಂದು ಆ ಹುಡುಗನ ಬೆನ್ನು ತಟ್ಟಬೇಕೆಂದಿತ್ತು. ಆದರೆ ಬಾಯಿಗೆ ಬಂದದ್ದು ಉಸಿರು ಮಾತ್ರ. ಗಂಟಲು ನಿಜವಾಗಿಯೂ ಕಟ್ಟಿತ್ತು. ಕೈಸನ್ನೆ ಮಾಡಿದಳು, ಆಗುವುದಿಲ್ಲ ಕಣೇ ಎಂದು. ಕಣ್ಣಿನಿಂದ ನೀರು ಧಾರಾಳವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಕಿಮಾರಾ ಅಜ್ಜಿಯನ್ನು ಸ್ವಲ್ಪ ಹೊತ್ತು ನೋಡಿದಳು. ಆ ಗಂಟಲಿನಿಂದ ಮಾತು ಹೊರಡದೆ ನಿಂತದ್ದನ್ನು ಅವಳು ಹುಟ್ಟಿದ ಮೇಲೆ ನೋಡಿರಲಿಲ್ಲ. ಆಮೇಲೆ ಶಂಖವನ್ನು ಎಡಗೈಯಲ್ಲಿ ಮಗುಚಿ ಹಿಡಿದು, ಬಲಗೈ ಸೊಂಟದ ಮೇಲಿಟ್ಟು, ಗುಂಪಿನ ಎದುರು ಕಾಲು ಅಗಲಿಸಿ ನಿಂತಳು.

"ಬನ್ನಿ ಚಿನ್ನ, ಹತ್ರ ಬನ್ನಿ, ಕಚ್ಚಲ್ಲ! ಏ ಕ್ಯಾಪ್ಟನ್ ಯಜಮಾನ್ರೇ, ಬೆಳಕಿಗೆ ಅಡ್ಡ ನಿಂತ್ಕೋಬೇಡಿ, ಆ ಕಡೆ ಸರೀರಿ! ಬ್ರೆಂಟ್ ರಾಜ, ಬಾಯಿ ಮುಚ್ಕೊ, ನೊಣ ಹೋಗುತ್ತೆ. ನೋಡಿ, ಮೂರನೇ ಸುತ್ತು. ಮುಳ್ಳಿನ ಸಾಲು ಎಣಿಸ್ಕೊಳ್ಳಿ. ಎರಡನೇದಕ್ಕೆ ಹೊಡ್ದ್ರೆ ಸುಮ್ನೆ ಚಿಪ್ಪು ಪುಡಿ, ನಾಲ್ಕನೇದಕ್ಕೆ ಹೊಡ್ದ್ರೆ ಮಾಂಸ ಹಾಳು. ಮೂರನೇದು, ಒಂದೇ ಏಟು, ಹೆದರ್ಕೊಂಡು ಹೊಡೀಬಾರ್ದು!"

ಧಕ್ಕೆಯ ಮಾತು. ಒಂದೊಂದು ಪದವೂ, ಆ ಏರಿಳಿತವೂ, ಗಿರಾಕಿಯನ್ನು ಗದರುತ್ತಲೇ ಹತ್ತಿರ ಕರೆಯುವ ಆ ಪ್ರೀತಿಯೂ. ಗೋಡೆಗೆ ಬಡಿದು ವಾಪಸು ಬರುವಷ್ಟು ಜೋರಾಗಿತ್ತು. ಯಾರು ಕೇಳಿಸಿಕೊಂಡಾರೋ ಎಂದು ಹುಡುಗಿ ಹಿಂದೆ ಮುಂದೆ ನೋಡಲಿಲ್ಲ.

ಇವಾಡ್ನಿ ಕತ್ತಿನ ಶಾಲು ಬಿಚ್ಚಿ ಮುಖ ಒರೆಸಿಕೊಂಡಳು. ಮಕ್ಕಳು ಒಬ್ಬರನ್ನೊಬ್ಬರು ತಳ್ಳಿಕೊಂಡು ಕಿಮಾರಾಳ ಸುತ್ತ ನೆರೆದರು. ಆಶ್ಲಿನ್ ಸ್ವಲ್ಪ ಹೊತ್ತು ದೂರವೇ ನಿಂತಿದ್ದು, ಕಾಣುವುದಿಲ್ಲವೆಂದು ಕೊನೆಗೆ ತಾನೂ ಮುಂದೆ ಬಂದಳು.